ಕೆಂಪು ಗುರುತು

ಮೂರು ವಾರ ಮೊದಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ:
ಶನಿವಾರ, ಒಂಬತ್ತು ಗಂಟೆ, ದೊಡ್ಡ ವೇದಿಕೆ.
ಇಪ್ಪತ್ತರಲ್ಲಿ ನನ್ನ ಗೋಡೆಯ ಮೇಲಿದ್ದ ನಾಲ್ವರು
ಬಂದರು, ಬೊಜ್ಜು ಹೊತ್ತು, ಮುಕ್ಕಾಲು ಗಂಟೆ ತಡವಾಗಿ.
ಹಾಡಿದರು. ಹಾಡಿದ್ದು ನಾವೇ ಅನ್ನಿ,
ಅವರು ಮೈಕನ್ನು ನಮ್ಮ ಕಡೆ ಚಾಚಿ ನಿಂತಿದ್ದರು.

ಅದೇ ಹೊತ್ತಿಗೆ ಸರೋವರದ ಆಚೆ ದಡದಲ್ಲಿ
ದೋಣಿ ನಿಲ್ಲಿಸುವ ಕೊಟ್ಟಿಗೆಯೊಳಗೆ
ಹದಿನೇಳು ಜನರ ಮುಂದೆ ಒಬ್ಬ ಮುದುಕಿ
ಕಾಂತೆಲೆಯನ್ನು ತೊಡೆಯ ಮೇಲಿಟ್ಟುಕೊಂಡಳಂತೆ.
ತೌನೊ ಅಲ್ಲಿಗೆ ಹೋದದ್ದು ಸಂಗೀತಕ್ಕಲ್ಲ,
ಬೂಟಿನೊಳಗೆ ನೀರು ಹೊಕ್ಕಿತ್ತು,
ಅಲ್ಲಿ ಒಲೆ ಉರಿಯುತ್ತಿತ್ತು.

ಹೇಗಿತ್ತೋ?
ಚೆನ್ನಾಗಿತ್ತು, ಅಂದ. ಅಷ್ಟೇ.
ಕಯಾನಿಯ ಬಸ್ಸು ಎರಡು ಊರು ದಾಟಿದ ಮೇಲೆ
ಕೇಳದೆಯೇ ಹೇಳಿದ:
ನಡುವೆ ಒಂದು ತಂತಿ ಹರಿಯಿತು, ಲುಮ್ಮೆ.
ಮತ್ತೆ ಕಟ್ಟಲಿಲ್ಲ ಅವಳು.
ಆ ಸ್ವರ ಬರಬೇಕಾದಲ್ಲೆಲ್ಲ
ಸುಮ್ಮನೆ ಬೆರಳು ಎತ್ತಿದಳು.
ನಮಗೆ ಕೇಳಿಸಿತು.

ನಡುರಾತ್ರಿ. ಪೈನ್ ಮರಗಳ ಸಂದಿಯಲ್ಲಿ
ಬೆಳಕಿಗೆ ಇನ್ನೂ ಮನೆಗೆ ಹೋಗುವ ಮನಸ್ಸಿಲ್ಲ.
ಕಿವಿಯಲ್ಲಿ ಗುಂಯ್ ಇಳಿದಿಲ್ಲ, ಹೊಟ್ಟೆಯಲ್ಲಿ ಕಿಚ್ಚು.
ನೂರಾ ಅರವತ್ತು ಯೂರೋ. ಮೂರು ದಿನ ರಜೆ.
ಬೇಕಿದ್ದದ್ದು ಒಂದು ತೂತು ಬೂಟು.

ತೌನೊ ನಿದ್ದೆಹೋದ.
ಕಾಲ್ಚೀಲ ಎರಡನ್ನೂ ಮುಂದಿನ ಸೀಟಿಗೆ ನೇತುಹಾಕಿದ್ದಾನೆ.
ಬೆವರು, ಕೆಸರು, ಅದರಡಿಯಲ್ಲಿ ತೆಳ್ಳಗೆ
ಬರ್ಚ್ ಕಟ್ಟಿಗೆಯ ಹೊಗೆ, ಆ ಕೊಟ್ಟಿಗೆಯದು.

ಆಚೀಚೆ ನೋಡಿದೆ. ಎಲ್ಲರೂ ಮಲಗಿದ್ದರು.
ಬಗ್ಗಿ,
ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡೆ.