ಒಂದು ದೀರ್ಘಕ್ಕಾಗಿ

ವಿಂಡೋಸ್‌ನವರು ಕೈ ತೊಳೆದುಕೊಂಡ ಮೇಲೂ
ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ.
ಮೂರನೇ ಮಹಡಿಯ ಇಲ್ಗ್ವಾರ್ಸ್, ಹಡಗಿನ ಎಲೆಕ್ಟ್ರಿಷಿಯನ್,
ಭಾನುವಾರ ಬಂದ. ಎರಡು ಲೋಟ ಕಾಫಿ ಕುಡಿದ.
ಬೆರಳುದ್ದದ ಕಡ್ಡಿ ಸಿಕ್ಕಿಸಿ, ಕಾದು, ಕಿತ್ತು,
‘ಲಿನಕ್ಸ್ ಹಾಕಿದ್ದೇನೆ, ಇನ್ನು ಇದು ನಿಮ್ಮದೇ’ ಅಂದ.
ಸೋಮವಾರ ಹಡಗು ಹತ್ತಿದ.

ನನ್ನದೇ ಆದದ್ದು
ಮಂಗಳವಾರದಿಂದ ನನ್ನನ್ನೇ ಕೇಳತೊಡಗಿತು:
ನೀವು ಯಾರು?

ಬರೆದು ತೋರಿಸೋಣವೆಂದರೆ
ನನ್ನ ಹೆಸರು ಸ್ಕೈದ್ರೀತೆ; ನಡುವೆ ಒಂದು ದೀರ್ಘ.
ಅಮ್ಮ ಅಂಗಳದಿಂದ ಅದನ್ನು ಎಷ್ಟು ಎಳೆದರೆ
ನನ್ನ ತಪ್ಪು ಅಷ್ಟು ದೊಡ್ಡದು.
ಪರದೆಯ ಮೇಲೆ ಮೂಡಿದ್ದು: ಸ್ಕೈದ್ರಿತೆ.
ಅಳಿಸಿದೆ, ಒತ್ತಿದೆ. ಸ್ಕೈದ್ರಿತೆ. ಸ್ಕೈದ್ರಿತೆ.
ಬಸ್ಸಿಗೆ ಓಡುವವರು ಯಾರೋ
ಕರೆದಂತೆ ಮಾಡಿ ಹೋದ ಹಾಗೆ.

ಮುಚ್ಚಳ ಹಾಕಿದರೆ ಮಲಗುತ್ತದೆ; ತೆಗೆದರೆ ಏಳುವುದಿಲ್ಲ.
ವೆಂಟ್ಸ್‌ಪಿಲ್ಸ್‌ನಿಂದ ತಂಗಿ ಪರದೆಗೆ ಬಂದು
ಗಾಜಿನ ತೊಟ್ಟಿಯ ಮೀನಿನಂತೆ ಬಾಯಿ ಆಡಿಸುತ್ತಾಳೆ.
ಪ್ರಿಂಟರ್ ಹೇಳುತ್ತದೆ: ಡ್ರೈವರ್ ಸಿಗಲಿಲ್ಲ.
ಇಲ್ಲೇ ಕೂತಿದ್ದೇನಲ್ಲ, ಪುಣ್ಯಾತ್ಮ!
ಮೂವತ್ತೊಂದು ವರ್ಷ ಲಿಯೆಪಾಯಾದ ಟ್ರಾಮ್ ಓಡಿಸಿದವಳು.
ಹಿಡಿ ತಿರುಗಿಸಿದರೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು,
ಹಳಿ ಜಾರಿದರೆ ಮರಳು ಹಾಕಿದರಾಯಿತು.
ಅದಕ್ಕೆ ನನ್ನ ಗುರುತು ಬೇಕಿರಲಿಲ್ಲ.

ಇಪ್ಪತ್ತೈದರೊಳಗೆ ಹದಿನೆಂಟು ಮನೆಗಳ ನೀರಿನ ಲೆಕ್ಕ
ಅಚ್ಚಾಗಿ ಮೆಟ್ಟಿಲ ಬುಡದಲ್ಲಿ ಅಂಟಿರಬೇಕು.
ಹನ್ನೊಂದನೇ ನಂಬರಿನ ತೆಕ್ಲಾ
ಹನಿಹನಿಗೂ ಜಗಳ ಕಾಯುವವಳು.
ಇಲ್ಗ್ವಾರ್ಸ್ ಚೀಟಿಯಲ್ಲಿ ಬರೆದಿಟ್ಟ ಸಾಲನ್ನು
ಕಪ್ಪು ಕಿಟಕಿಯೊಳಗೆ ಅಕ್ಷರಕ್ಕೆ ಅಕ್ಷರ ಇಳಿಸಿದೆ.
ಪಾಸ್‌ವರ್ಡ್ ಕೇಳಿತು. ಒತ್ತಿದರೆ ಏನೂ ಕಾಣದು,
ಒಂದು ಚುಕ್ಕಿಯೂ ಇಲ್ಲ,
ಮಿಣುಕುವ ಗೆರೆಯೂ ಕದಲದು.
ಕತ್ತಲಲ್ಲಿ ಗುಂಡಿ ಹಾಕಿಕೊಂಡ ಹಾಗೆ ಹಾಕಿ ಮುಗಿಸಿದೆ.
ಆಗ ಬಂತು:

ನಿಮಗೆ ಈ ಅಧಿಕಾರವಿಲ್ಲ.
ಈ ಘಟನೆಯನ್ನು ವರದಿ ಮಾಡಲಾಗುವುದು.

ನಾನು ಹುಡುಗಿಯಾಗಿದ್ದಾಗ, ಸಂಜೆಯಾದರೆ
ನಮ್ಮ ಕಡಲು ನಮ್ಮದಲ್ಲ.
ಸೈನಿಕರು ದಂಡೆಯ ಮರಳಿಗೆ ಕುಂಟೆ ಹೊಡೆದು
ನುಣ್ಣಗೆ ಮಾಡಿ ಹೋಗುತ್ತಿದ್ದರು;
ಬೆಳಗ್ಗೆ ಹೆಜ್ಜೆ ಮೂಡಿದ್ದರೆ ವರದಿ.
ವಾಲ್‌ಫ್ರಿಡ್ಸ್ ಮಾವ ಒಮ್ಮೆ ನಾಯಿ ಹುಡುಕಿ ಹೋದವನು
ಮೂರನೇ ದಿನಕ್ಕೆ ಬಂದ, ಮಾತಾಡಲಿಲ್ಲ.
ನಾಯಿ ಮೊದಲೇ ಬಂದಿತ್ತು.

ಪಟ್ಟನೆ ಮುಚ್ಚಳ ಹಾಕಿದೆ.
ನಾಚಿಕೆಯಾಗುತ್ತದೆ ಹೇಳಲು: ಪರದೆ ಸರಿಸಿ
ಬೀದಿಯಲ್ಲಿ ಯಾವ ಕಾರು ನಿಂತಿದೆ ನೋಡಿದೆ.

ಫೋನಿನಲ್ಲಿ ಗಾಳಿಯೇ ಹೆಚ್ಚು, ಇಲ್ಗ್ವಾರ್ಸ್ ಕಡಿಮೆ.
‘ವರದಿ ಯಾರಿಗೆ ಹೋಯಿತು?’
ನಕ್ಕ. ಅದೇ ಪೆಟ್ಟಿಗೆಯೊಳಗಿನ ಒಂದು ಕಡತಕ್ಕಂತೆ.
ಯಾರೂ ಓದುವುದಿಲ್ಲವಂತೆ.
ಓದುವವರಿಲ್ಲದ ಮೇಲೆ ಬರೆಯುವುದೇಕೆ ಎಂದರೆ
ಅವನಿಗೂ ಗೊತ್ತಿಲ್ಲ.
ಆಮೇಲೆ ಮೆಲ್ಲಗೆ: ‘ಯಜಮಾನಿಕೆ ನನ್ನ ಹೆಸರಲ್ಲೇ
ಉಳಿದುಬಿಟ್ಟಿದೆ, ಮರೆತಿದ್ದೆ.’
ತನ್ನ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಕೂಗಿದ.
ಉತ್ತರ ಸಮುದ್ರದ ತುಂಬ ಕೇಳಿರಬೇಕು.

ಕೀಲಿಮಣೆಗಳ ಪಟ್ಟಿಯಲ್ಲಿ ಲಾವೋಸ್ ದಾಟಿದ ಮೇಲೆ ನಾವು.
ಬಲಗಡೆಯ ಆಲ್ಟ್ ಅದುಮಿ ಹಿಡಿದು,
ಹೆಸರು ಬರೆಯುತ್ತ ನಡುವಿಗೆ ಬಂದಾಗ
ಬೆರಳು ಎತ್ತುವುದು ತಡವಾಯಿತು:

ಸ್ಕೈದ್ರೀಈಈಈತೆ

ಅಂಗಳದಿಂದ.
ಏನೋ ಭಾರಿ ತಪ್ಪೇ ಮಾಡಿದ್ದೇನೆ.
ಅಳಿಸದೆ ಹಾಗೇ ಅಚ್ಚಿಗೆ ಕೊಟ್ಟೆ.

ಬಂದದ್ದು ಅಡ್ಡಡ್ಡ;
ತೆಕ್ಲಾಳ ಸಾಲು ಪೂರ್ತಿ ಕಾಗದದಾಚೆ.
ರಾತ್ರಿ ಹನ್ನೊಂದೂಮುಕ್ಕಾಲು, ತಾರೀಕು ಇಪ್ಪತ್ತನಾಲ್ಕು.
ಅವಳದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ.