ಸಿನೆಮಾ ಬಿಟ್ಟ ಮ್ಯಾಲ

ಕಲಬುರಗಿ ಥಿಯೇಟರಿನಾಗ ಅವತ್ತು
ಮಂದಿ ನಾಚಿಕಿ ಬಿಟ್ಟು ಅಳ್ಲತ್ತಿದ್ರು.

ಪರದೆ ಮ್ಯಾಲ ಹದಿನೈದರ ಹುಡುಗ,
ಬಸ್‌ಸ್ಟ್ಯಾಂಡಿನಾಗ ಮಲಗಾಂವ.
ಯಾರೋ ಮನಿಗಿ ಕರ್ಕೊಂಡು ಹೋಗಿ
ಮಂಚ ತೋರಿಸಿ "ಇದು ನಿಂದು" ಅಂದಾಗ
ಮುಂದಿನ ಸಾಲಿನ ಬ್ಯಾಳಿ ಮಿಲ್ಲಿನ ಸಾವ್ಕಾರ
ಚಷ್ಮಾ ತೆಗೆದು ಅಂಗಿ ತುದಿಲೆ ಒರಸಿದ.
ಬಾಜೂಕಿನ ಟೀಚರಬಾಯಿ ಮಗಳಿಗಿ ಚಿವುಟಿ
"ಚಾದರ ಹ್ಯಾಂಗ ಮಡಚ್ಯಾನ ನೋಡು" ಅಂದ್ಳು.
ಹಿಂದ ಸೀಟಿ ಹೊಡ್ಯಾವರೂ
ಮೂಗು ಏರಿಸ್ಲತ್ತಿದ್ರು.

ಚಂದಮ್ಮ ಮಾತ್ರ
ಪುಟಾಣಿ ಪುಡಿಕಿ ಉಡಿಯಾಗ ಇಟ್ಟುಕೊಂಡು
ತಲಿ ಒಂದು ಕಡಿ ವಾಲಿಸಿ ಕುಂತಿದ್ಳು,
ಗಿರಣಿ ಕಲ್ಲು ಸರಿ ಕುಂತದೋ ಇಲ್ಲೋ
ಸಪ್ಪಳದ ಮ್ಯಾಲ ಹೇಳಾಕಿಯಂಗ.

ಇಂಟರ್ವಲ್ಲಿನಾಗ ಒಮ್ಮಿ ಕೇಳಿದ್ಳು:
"ಆ ಹುಡುಗ ಇನ್ನಾ ಏನೂ ಕದ್ದಿಲ್ಲೇನು?"
"ಕದಿಯಾಂವಲ್ಲ ಅಂವ."
"ಹೂಂ" ಅಂದ್ಳು. ಮಿರ್ಚಿ ತಿಂದ್ಳು.

ವಾಡಿ ಜಂಕ್ಷನ್ನಿನಾಗ ನಾ ಸಿಕ್ಕ ರಾತ್ರಿ
ಸಂಗೀತ ಇರ್ಲಿಲ್ಲ, ಗೂಡ್ಸ್ ಗಾಡಿ ಹೊಂಟಿತ್ತು.
"ಜ್ವಾಳದ ಚೀಲ ಹೊರ್ತಿ ಏನ್ಲೇ?"
ಅಷ್ಟೇ ಕೇಳಿದ್ದು ಆಕಿ.
ಶಹಾಬಾದ ತನಕ ಚೀಲದ ಮ್ಯಾಲ ಕುಂತು ಬಂದೆ.
ಮಂಚ ಎಲ್ಲಿಂದ? ಗಿರಣಿಯಾಗ, ಪರಸಿ ಮ್ಯಾಲ
ಚಪ್ಪಲ್ ತಲಿಗಿ ಇಟ್ಟು ಮಲಗಿದೆ,
ಎದ್ದು ಓಡ್ಲಕ್ ಕೈಗಿ ಸಿಗ್ಲಿ ಅಂತ.
ಆಕಿ ಹೊರಗಿಂದ ಚಿಲಕ ಹಾಕಿದ್ಳು.
ಗ್ವಾಡಿ ಆ ಕಡಿ ಆಕಿ, ಈ ಕಡಿ ನಾ,
ಇಬ್ಬರಿಗೂ ನಿದ್ದಿ ಇಲ್ಲ.

ಹತ್ತನೇ ದಿನ
ಗಲ್ಲಾದಾಗಿನ ಎಪ್ಪತ್ತು ರೂಪಾಯಿ ತಗೊಂಡು
ಸೇಡಂ ತನಕ ಹೋಗಿ, ಹೊಟ್ಟಿ ಹಸ್ತು ತಿರುಗಿ ಬಂದೆ.
"ನಲವತ್ತು ಉಳದಾವ" ಅಂದೆ.
ಎಣಿಸಿದ್ಳು. ಎರಡು ಸಲ.
ಆಮ್ಯಾಲ ರೊಟ್ಟಿ, ಪುಂಡಿಪಲ್ಯಾ.
ಬೈಗುಳ ಬರ್ತಾವಂತ ಕಾದು ಕಾದು
ನಾಕು ರೊಟ್ಟಿ ತಿಂದೆ.
ಅವತ್ತಿಂದ ಕೀಲಿ ಆಕಿ ಸೆರಗಿನ ಗಂಟಿನಾಗ,
ಒಂದು ವರ್ಷ, ಮತ್ತೊಂದು ವರ್ಷ.

ಆಟ ಬಿಟ್ಟಾಗ ಬಿಸಲು ಮಾರಿಗಿ ಹೊಡೀತು.
ಸಾವ್ಕಾರ ಫೋನಿನಾಗ, "ಮನುಷ್ಯತ್ವ ಇನ್ನಾ ಅದ ನೋಡ್ರಿ,
ಮನಿಮಂದಿಗೆಲ್ಲ ತೋರಸ್ರಿ" ಅನ್ಲತ್ತಿದ್ದ.
ಟೀಚರಬಾಯಿ ಮಗಳು ಮೆಟ್ಟಲದಾಗ ನಿಂತು ಕೇಳಿದ್ಳು,
"ಆ ಹುಡುಗಗ ಸಿಟ್ಟೇ ಬರಲ್ಲೇನವ್ವ?"
ಯಾರೂ ಹೇಳ್ಲಿಲ್ಲ.

ಬಸ್ಸಿನಾಗ ಭಾಳ ಹೊತ್ತಿನ ಮ್ಯಾಲ ಚಂದಮ್ಮ:
"ಅಂವ ಛಲೋ ಹುಡುಗ. ನೀ ಹಂಗ ಇರ್ಲಿಲ್ಲ."
"ನೀನೂ ಆ ಅವ್ವನಂಗ ಇರ್ಲಿಲ್ಲ."
ನಕ್ಳು, ಕಂಡಕ್ಟರ್ ತಿರುಗಿ ನೋಡಾವಂಗ ನಕ್ಳು.
ಉಳದ ಪುಟಾಣಿ ನನ್ನ ಕೈಯಾಗ ಸುರುವಿದ್ಳು.

ಗಿರಣಿ ಬಾಗಿಲದಾಗ ನಿಂತು
ಸೆರಗಿನ ತುದಿ ತಡಕಾಡಿದ್ಳು.
ಕೀಲಿ ನನ್ನ ಕಿಸೆದಾಗಿತ್ತು.
ಎಂಟು ವರ್ಷ ಆತು, ಅಲ್ಲೇ ಅದ.
ಆಕಿ ಕೈಗಿ ಮಾತ್ರ ಇನ್ನಾ ಗೊತ್ತಾಗಿಲ್ಲ.

"ಲಗೂನ ತೆಗಿ" ಅಂದ್ಳು,
"ಶರಣಮ್ಮನ ಜ್ವಾಳ ಮುಂಜಾನಿಂದ ಕುಂತಾವ."