ಗೆರೆಯ ಮೇಲೆ ಬಿದ್ದ ಗುರುತು

ವರ್ಷ ತುಂಬಿದ ಮೇಲೆ ವಿಚಾರಿಸಬೇಕು, ನಿಯಮ ಅದು.
ಫೋನು ಮಾಡಿದರೆ ಅರ್ಧ ಊರಿಗೆ ಸಿಗ್ನಲ್ ಇಲ್ಲ,
ಹಾಗಾಗಿ ಆಸ್ಪತ್ರೆಯ ಹಳದಿ ಕಡತ ಕಂಕುಳಲ್ಲಿಟ್ಟು
ಮಡಿಕೇರಿಯಿಂದ ಎಂಟರ ಬಸ್ಸು ಹತ್ತುತ್ತೇನೆ.
ನಮೂನೆಯಲ್ಲಿ ಮೂರೇ ಚೌಕ:
ಉತ್ತಮ. ಹಾಗೇ ಇದೆ. ಹದಗೆಟ್ಟಿದೆ.

ಸಿದ್ದಾಪುರದಾಚೆ, ಲೈನ್ ಮನೆಯ ಕೊನೆಯ ಬಾಗಿಲು, ಮುತ್ತ.
ಬಿಲ್ಲಿನಂತೆ ಬಾಗಿದ್ದ ಎರಡು ಕಾಲು.
ಮೊಣಕಾಲ ಕೆಳಗೆ ಮೂಳೆ ಕೊಯ್ದು, ಓರೆ ತಿದ್ದಿ,
ತಟ್ಟೆಯಿಟ್ಟು ಸ್ಕ್ರೂ ಬಿಗಿದು ಕಳಿಸಿದ್ದೆವು.
ಎಕ್ಸ್‌ರೇಯಲ್ಲಿ ಗಾರೆಯವನ ತೂಕದ ದಾರದಷ್ಟು ನೇರ.
"ನೋವು?"
"ಇಲ್ಲ. ಕಾಲು ಚಾಚಿ ಮಲಗಿ ಹನ್ನೆರಡು ವರ್ಷ ಆಗಿತ್ತು."
"ನಡಿಗೆ?"
"ಸಂತೆಗೆ ಹೋಗಿ ಅಕ್ಕಿ ಹೊತ್ತು ಬರ್ತೇನೆ."
"ಕೆಲಸ?"
ಅವನು ಸಿಲ್ವರ್ ಓಕಿನತ್ತ ನೋಡಿದ.
ಬುಡದಿಂದ ತುದಿತನಕ ಕರಿಮೆಣಸು,
ಕೊಯ್ಯುವವನು ಈ ವರ್ಷ ಬೇರೆ ಯಾರೋ.
"ಆ ಕಾಲಿತ್ತಲ್ಲ ಅಕ್ಕ, ಅದು ಮರವನ್ನ ತಬ್ಬಿಕೊಳ್ತಿತ್ತು.
ಈ ಕಾಲು ಮರದ ಪಕ್ಕ ಸುಮ್ಮನೆ ನಿಲ್ತದೆ,
ಮದುವೆಮನೇಲಿ ಗುರುತು ಸಿಗದವನ ಹಾಗೆ."
ಒಳಗಿಂದ ಅವನ ಹೆಂಡತಿ ನಕ್ಕಳು:
"ನಾಯಿಮರಿಗೂ ಹಾಗೇ. ಮೊದಲೆಲ್ಲ ಕಾಲ ಸಂದೀಲಿ ಓಡ್ತಿತ್ತು,
ಈಗ ಬಂದು ಡಿಕ್ಕಿ ಹೊಡೀತದೆ."

ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.
ಮಂಜು ಬಿದ್ದ ಬೆಳಿಗ್ಗೆ ಚರ್ಮದೊಳಗಿನ ಲೋಹ
ತನ್ನಷ್ಟಕ್ಕೆ ತಣ್ಣಗಾಗುತ್ತದಂತೆ.
ಅದನ್ನು ಬರೆಯಲು ಜಾಗ ಇರಲಿಲ್ಲ.

ಮೂರ್ನಾಡಿನಲ್ಲಿಳಿದು, ಏರು ಹತ್ತಿ, ಮುದ್ದವ್ವ.
ಹುಟ್ಟಿನಿಂದ ಮೆಳ್ಳೆಗಣ್ಣು, ನಲವತ್ತೊಂದಕ್ಕೆ ಆಪರೇಷನ್.
"ಈಗ್ಯಾಕೆ?" ಎಂದು ಡಾಕ್ಟರೇ ಕೇಳಿದ್ದರಂತೆ.
"ಬ್ಯಾಂಕಿನವನು ನನ್ನ ಹತ್ತಿರ ಮಾತಾಡುವಾಗ
ಹಿಂದಕ್ಕೆ ತಿರುಗಿ ನೋಡೋದು ಸಾಕಾಗಿತ್ತು."

ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ
ಗಂಡಸರೆಲ್ಲ ಒಂದು ಕಣ್ಣು ಮುಚ್ಚಿ ಕೋವಿ ಹಿಡಿದರೆ
ಇವಳದು ಎರಡೂ ತೆರೆದೇ ಇರುತ್ತಿತ್ತು.
ಓರೆಗಣ್ಣು ಏನು ಕಂಡರೂ ಮೆದುಳು ಅದನ್ನು
ಬಾಗಿಲ ಹೊರಗೇ ನಿಲ್ಲಿಸಿತ್ತು, ನಲವತ್ತು ವರ್ಷ.
ಏಳು ಸಲ ಕಾಯಿ ಒಡೆದವಳು.
ಕಳೆದ ಸಲ ಕೋವಿ ಎತ್ತಿದರೆ
ಮರದಲ್ಲಿ ಎರಡು ಕಾಯಿ,
ಒಂದರ ಹೆಗಲಿಗೆ ಒಂದು ತಾಗಿಕೊಂಡು.
"ಯಾವುದು ನಿಜ ಅಂತ ಯಾರನ್ನ ಕೇಳಲಿ?
ನಡುವೆ ಹೊಡೆದೆ.
ಹಕ್ಕಿಗಳು ಹಾರಿದವು, ಅಷ್ಟೆ."

ಅಳತೆಯ ಪ್ರಕಾರ ಕಣ್ಣು ಸರಿ.
ಎರಡಾಗಿ ಕಾಣುವುದೂ ಕಡಿಮೆಯಾಗುತ್ತಿದೆ,
ಸಂಜೆ ಸುಸ್ತಾದಾಗ ಮಾತ್ರ ಗೇಟಿಗೆ ಇನ್ನೊಂದು ಗೇಟು,
ಅತ್ತೆಗೆ ಇನ್ನೊಬ್ಬ ಅತ್ತೆ.
"ಅದೊಂದು ಬೇಗ ಹೋಗ್ಲಿ," ಎಂದಳು, ದನಿ ತಗ್ಗಿಸಿ.

ನಾನು ಮತ್ತೆ ಮೂರು ಚೌಕ ಓದಿ ಹೇಳಿದೆ.
ಅವಳಿಗಿಂತ ಮೊದಲು ಉತ್ತರ ಕೊಟ್ಟವನು
ಜಗಲಿಯಲ್ಲಿ ಪೇರಲೆ ತಿನ್ನುತ್ತಿದ್ದ ಕಿರಿಮಗ ಬಿದ್ದಪ್ಪ:
"ಹದಗೆಟ್ಟಿದೆ.
ಮೊದಲು ಅಮ್ಮ ಬೈದರೆ
ಅಣ್ಣನಿಗೆ ಅಂತ ನಾನು, ನನಗೆ ಅಂತ ಅಣ್ಣ,
ಇಬ್ಬರೂ ತಪ್ಪಿಸಿಕೊಳ್ತಿದ್ವಿ.
ಈಗ ನೋಡಿದರೆ ನನ್ನನ್ನೇ ನೋಡ್ತಾಳೆ."
ಆಗ ಅವಳು ಅವನನ್ನು ನೋಡಿದಳು,
ಎರಡು ಕಣ್ಣೂ ಒಟ್ಟಿಗೆ ಹೋಗಿ ಅವನ ಮೇಲೆ ಕೂತವು.
ಹುಡುಗ ಅಗಿಯುವುದನ್ನು ನಿಲ್ಲಿಸಿದ.
ನಾನೂ ಗುರುತು ಹಾಕುವುದು ಮರೆತೆ.

ಬಸ್ಸಿನಲ್ಲಿ ಹಾಕಿದೆ, ಎರಡಕ್ಕೂ. ತಿರುವಿನಲ್ಲಿ ಕೈ ಜಾರಿತು.
ಮರುದಿನ ಕಂಪ್ಯೂಟರ್ ಕೋಣೆಯಿಂದ ಫೋನು:
"ಮೇಡಂ, ನಿಮ್ಮ ಗುರುತು ಗೆರೆ ಮೇಲೆ ಬಿದ್ದಿದೆ.
ಎಡಕ್ಕೋ, ಬಲಕ್ಕೋ? ಸ್ವಲ್ಪ ಸರಿ ಮಾಡಿ ಕಳಿಸಿ."

ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ.
ಮೇಲೆ ಸ್ಟೇಪ್ಲರ್ ಇಟ್ಟಿದ್ದೇನೆ, ಫ್ಯಾನಿಗೆ ಹಾರದಿರಲಿ ಎಂದು.